ಒಲೆ ಸಾರಿಸುವವರ ಲೆಕ್ಕ

1953ರಲ್ಲಿ ಮದರಾಸಿನ ಕ್ರಿಶ್ಚಿಯನ್ ಲಿಟರೇಚರ್ ಸೊಸೈಟಿ ಇಂಗ್ಲಿಷಿನಲ್ಲಿ ಒಂದು ಸಣ್ಣ ಪುಸ್ತಕ ತಂದಿತು. ಹೆಸರು ‘ಸ್ಮೋಕ್‌ಲೆಸ್ ಕಿಚನ್ಸ್ ಫಾರ್ ದಿ ಮಿಲಿಯನ್ಸ್’. ಬರೆದವರು ಹೈದರಾಬಾದ್ ಇಂಜಿನಿಯರಿಂಗ್ ರಿಸರ್ಚ್ ಲ್ಯಾಬೊರೇಟರೀಸ್‌ನ ಎಸ್. ಪಿ. ರಾಜು. ಅವರು ರೂಪಿಸಿದ ಮಣ್ಣಿನ ಒಲೆಗೆ ಆ ಪ್ರಯೋಗಾಲಯದ ಮೊದಲಕ್ಷರಗಳೇ ಹೆಸರಾಗಿ ಅಂಟಿಕೊಂಡವು: ಹರ್ಲ್ ಚೂಲ್ಹಾ. ಈ ಒಲೆ ಅಡುಗೆ ಮಾಡುವವರಿಗೆ ಐದು ಬಿಡುಗಡೆ ಕೊಡುತ್ತದೆ ಎಂಬುದು ರಾಜು ಅವರ ವಾದ. ಹೊಗೆಯಿಂದ, ಮಸಿಯಿಂದ, ಧಗೆಯಿಂದ, ಸೌದೆ ಪೋಲಾಗುವುದರಿಂದ, ಬೆಂಕಿ ಅನಾಹುತದ ಭಯದಿಂದ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1941ರಲ್ಲಿ ಇಡೀ ಜಗತ್ತಿಗೆ ನಾಲ್ಕೇ ಸ್ವಾತಂತ್ರ್ಯ ಹೇಳಿದ್ದರು. ನಮ್ಮ ಹೈದರಾಬಾದಿನವರು ಅಡುಗೆಮನೆಯೊಂದಕ್ಕೇ ಐದು ಕೊಟ್ಟರು.

ನಮ್ಮ ಹೈದರಾಬಾದಿನವರು ಎಂದು ಬೇಕೆಂದೇ ಬರೆದೆ. 1953ರಲ್ಲಿ ಹೈದರಾಬಾದ್ ಎಂದರೆ ಒಂದು ಊರಿನ ಹೆಸರಷ್ಟೇ ಆಗಿರಲಿಲ್ಲ, ರಾಜ್ಯವೂ ಹೌದು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರೊಳಗೇ ಇದ್ದವು. 1956ರ ನವೆಂಬರ್ 1ರವರೆಗೂ ಇದ್ದವು. ಹಾಗಾಗಿ ಆ ಒಲೆ ಕನ್ನಡದ ಮೂರು ಜಿಲ್ಲೆಗಳಿಗೆ ತಮ್ಮದೇ ರಾಜಧಾನಿಯ ಒಲೆ. ಅಣೆಕಟ್ಟು, ಕಾಲುವೆ, ಮಣ್ಣು, ಕಾಂಕ್ರೀಟು ಪರೀಕ್ಷಿಸುವ ಒಂದು ಸರ್ಕಾರಿ ಪ್ರಯೋಗಾಲಯ ಒಲೆಗೆ ಕೈಹಾಕಿದ್ದು ಮೊದಲು ನನಗೆ ವಿಚಿತ್ರವೆನಿಸಿತ್ತು. ಯೋಚಿಸಿದರೆ ಅಷ್ಟೇನಲ್ಲ. ಹೊಗೆಯೂ ಒಂದು ಹರಿವೇ. ಅದಕ್ಕೆ ಕಾಲುವೆ ಬೇಕು, ಇಳಿಜಾರಿನ ಬದಲು ಏರು ಬೇಕು, ನಡುವೆ ಒಂದು ತೂಬೂ ಬೇಕು.

ಹರ್ಲ್ ಚೂಲ್ಹಾದ ಹೊಳಹು ಇಷ್ಟು. ಮಣ್ಣಿನದೊಂದು ಗಟ್ಟಿ ಕಟ್ಟೆ. ಅದರ ಒಂದು ತುದಿಯಲ್ಲಿ ಬೆಂಕಿಯ ಬಾಯಿ. ಒಳಗೆ ಸುರಂಗ. ಸುರಂಗದ ಮೇಲೆ ಒಂದರ ಮುಂದೊಂದು ಪಾತ್ರೆ ಕೂರುವ ಕುಣಿ. ಮೊದಲ ಪಾತ್ರೆಗೆ ಉರಿ, ಮುಂದಿನವಕ್ಕೆ ಉರಿಯ ಬಾಲ. ಕೊನೆಗೆ ಚಿಮಣಿ. ಬಿಸಿಗಾಳಿ ಹಗುರ, ಚಿಮಣಿಯಲ್ಲಿ ಮೇಲೇರುತ್ತದೆ. ಅದು ಏರುತ್ತಿದ್ದಂತೆ ಹಿಂದಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಬಾಯಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಎಳೆತ ಜಾಸ್ತಿಯಾದರೆ ಉರಿಯೆಲ್ಲ ಚಿಮಣಿಯ ಪಾಲು. ಅದನ್ನು ತಡೆಯಲು ದಾರಿಯಲ್ಲೊಂದು ತಗಡಿನ ತಡೆ, ಬೇಕಾದಾಗ ಎಳೆದು ಬೇಡದಾಗ ಸರಿಸುವಂಥದ್ದು. ಇದಕ್ಕೆ ಕೆಲವು ವರ್ಷ ಮೊದಲೇ ವಾರ್ಧಾದ ಮಗನವಾಡಿಯಲ್ಲಿ, ಗಾಂಧಿಯವರ ಗ್ರಾಮೋದ್ಯೋಗದ ಬಳಗ, ‘ಮಗನ್ ಚೂಲ್ಹಾ’ ಎಂಬ ಚಿಮಣಿ ಒಲೆಯನ್ನು ರೂಪಿಸಿತ್ತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗೆ ಬರುವ ಗ್ರಾಮಸೇವಕರ ಕೈಯಲ್ಲಿ ಹೊಗೆಯಿಲ್ಲದ ಒಲೆಯೂ ಒಂದು ಪಾಠವಾಯಿತು.

ಪಾಠವಾಯಿತು, ಒಲೆಯಾಗಿ ಉಳಿಯಲಿಲ್ಲ. ಏಕೆ ಎಂಬ ಪ್ರಶ್ನೆಗೆ ಎಪ್ಪತ್ತು ವರ್ಷಗಳಲ್ಲಿ ಹಲವು ಉತ್ತರ ಬಂದಿವೆ: ಹೆಂಗಸರ ಮಾತನ್ನು ಕೇಳಲಿಲ್ಲ, ಬೆಲೆ, ಸೌದೆ ಪುಕ್ಕಟೆ ಸಿಗುತ್ತಿತ್ತು, ಜಾಗೃತಿ ಇರಲಿಲ್ಲ. ಕೊನೆಯದನ್ನು ನಾನು ನಂಬುವುದಿಲ್ಲ. ಹೊಗೆ ಕಣ್ಣಿಗೆ ಹೊಕ್ಕಿದ್ದು ತಿಳಿಯಲು ಯಾರಿಗೂ ಜಾಗೃತಿ ಬೇಕಿಲ್ಲ. ಉಳಿದವು ನಿಜವೇ. ಆದರೆ ಈ ಇತಿಹಾಸದಲ್ಲಿ ನನ್ನ ಕಣ್ಣು ನಿಲ್ಲುವುದು ಬೇರೊಂದು ಕಡೆ: ಕಟ್ಟಿದ ಒಲೆಯನ್ನು ಮರುವರ್ಷ ರಿಪೇರಿ ಮಾಡುವವರು ಯಾರು ಎಂಬಲ್ಲಿ.

ಎರಡು ವರ್ಷದ ಹಿಂದೆ ಒಂದು ಸಂಸ್ಥೆಗಾಗಿ ಸುಧಾರಿತ ಒಲೆಯ ಕರಪತ್ರವೊಂದನ್ನು ಕನ್ನಡಕ್ಕೆ ಅನುವಾದಿಸಿಕೊಟ್ಟೆ. ಎಂಟು ಪುಟ. ಆರು ಪುಟ ಕಟ್ಟುವ ವಿಧಾನ, ಒಂದು ಪುಟ ಲಾಭ, ಅರ್ಧ ಪುಟ ‘ಮೇಂಟೆನೆನ್ಸ್’. ಆ ಪದಕ್ಕೆ ‘ನಿರ್ವಹಣೆ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಹೋಗಲಾಗಲಿಲ್ಲ. ನಿರ್ವಹಣೆ ಎಂದರೆ ನನ್ನ ಕಣ್ಣಿಗೆ ಕಾಣುವುದು ಮೇಜು, ಕಡತ, ಕುರ್ಚಿ. ‘ದುರಸ್ತಿ’ ಚೆನ್ನಾಗಿದೆ, ಫಾರ್ಸಿಯಿಂದ ಬಂದು ಮೈಸೂರಿನಿಂದ ಬೀದರಿನವರೆಗೆ ಓಡಾಡಿದ ಪದ. ಇಲ್ಲಿ ತೆಲುಗಿನವರು ‘ಮರಮ್ಮತು’ ಎನ್ನುತ್ತಾರೆ, ನಮ್ಮ ಹಳೆಯ ಕಚೇರಿ ಕನ್ನಡದಲ್ಲೂ ಮರಾಮತ್ತು ಇತ್ತು. ಆದರೆ ಕೆರೆಯ ಏರಿಯನ್ನು, ಬಂಡಿಯ ಗಾಲಿಯನ್ನು, ಗಡಿಯಾರವನ್ನು ದುರಸ್ತಿ ಮಾಡಿದವರುಂಟು. ಒಲೆಯನ್ನು ದುರಸ್ತಿ ಮಾಡಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಒಲೆಯನ್ನು ಸಾರಿಸುತ್ತಾರೆ. ಬಳಿಯುತ್ತಾರೆ. ಬಿರುಕಿಗೆ ಮಣ್ಣು ಮೆತ್ತುತ್ತಾರೆ. ತೆಲುಗಿನಲ್ಲಿ ಇದೇ ಕೆಲಸಕ್ಕೆ ‘ಅಲುಕು’ ಎಂಬ ಕ್ರಿಯಾಪದ. ನೆಲಕ್ಕೂ ಅದೇ, ಪೊಯ್ಯಿಗೂ ಅದೇ.

ಈ ಪದಗಳನ್ನು ಗಮನಿಸಿ. ನೆಲ ಸಾರಿಸಿದಂತೆ ಒಲೆ ಸಾರಿಸುವುದು. ಅಂದರೆ ಭಾಷೆ ಈ ಕೆಲಸವನ್ನು ರಿಪೇರಿಯ ಖಾತೆಗೆ ಹಾಕಲೇ ಇಲ್ಲ, ಕಸ ಗುಡಿಸುವ ಖಾತೆಗೆ ಹಾಕಿತು. ಗಡಿಯಾರ ರಿಪೇರಿಯವನಿಗೆ ಅಂಗಡಿ ಇದೆ, ಬಂಡಿಗೆ ಬಡಿಗ ಇದ್ದಾನೆ. ಒಲೆಗೆ ಕಸುಬುದಾರರೇ ಇಲ್ಲ, ಮನೆಯ ಹೆಂಗಸರಿದ್ದಾರೆ. ಅವರು ಕೆಟ್ಟಾಗ ಸರಿಪಡಿಸುತ್ತಿರಲಿಲ್ಲ. ಕೆಡುವುದಕ್ಕೆ ಬಿಡುತ್ತಲೇ ಇರಲಿಲ್ಲ. ಹಬ್ಬ ಹುಣ್ಣಿಮೆಗೊಮ್ಮೆ, ಶುಕ್ರವಾರವೋ ಸೋಮವಾರವೋ ವಾರಕ್ಕೊಮ್ಮೆ, ಕೆಲವು ಮನೆಗಳಲ್ಲಿ ದಿನಾ ಬೆಳಿಗ್ಗೆ ಬೂದಿ ತೆಗೆದ ಮೇಲೆ, ಒದ್ದೆ ಕೈಯಲ್ಲೊಮ್ಮೆ ಒಲೆಯ ಮೈಮೇಲೆ ಆಡಿಸುವುದು. ಎಷ್ಟು ಹಗುರವಾಗಿ ಆಗುತ್ತಿತ್ತೆಂದರೆ ಅದೊಂದು ತಾಂತ್ರಿಕ ಕೆಲಸವೆಂದು ಯಾವ ಇಂಜಿನಿಯರಿಗೂ ಹೊಳೆಯಲಿಕ್ಕಿಲ್ಲ.

ಕೆಲಸವಂತೂ ತಾಂತ್ರಿಕವೇ. ನಮ್ಮ ದೊಡ್ಡವ್ವ ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದಾರೆ. ಅವರ ಮನೆಯಲ್ಲಿ ಚಿಮಣಿ ಇರುವ ಮೂರು ಕುಣಿಯ ಮಣ್ಣಿನ ಒಲೆ ಇದೆ, ಯಾವುದೋ ಯೋಜನೆಯಲ್ಲಿ ಕಟ್ಟಿಸಿದ್ದು, ಈಗ ಮೂವತ್ತು ವರ್ಷ ಹಳೆಯದಿರಬೇಕು. ಮೂವತ್ತು ವರ್ಷದ ಒಲೆ ಎಂದರೆ ಮೂವತ್ತು ವರ್ಷದ ಮಣ್ಣು ಎಂದೇನಲ್ಲ. ಮೂಲ ಮಣ್ಣು ಒಳಗೆಲ್ಲೋ ಇದ್ದೀತು, ಹೊರಗಿನದೆಲ್ಲ ಅವರ ಕೈಯದು. ಅನುವಾದದ ನೆಪ ಹೇಳಿ ನಾನು ಎರಡು ದಿನ ಅದರ ಪಕ್ಕ ಕೂತು ಕಲಿತದ್ದನ್ನು ಬರೆಯುತ್ತೇನೆ. ಕರಪತ್ರದ ಅರ್ಧ ಪುಟಕ್ಕಿಂತ ಇದು ಉದ್ದ.

ಮೊದಲು ಮಣ್ಣು. ಕಲಬುರಗಿ ಸೀಮೆಯ ಹೊಲಗಳದ್ದು ಎರೆಮಣ್ಣು. ತೊಗರಿಗೆ, ಜೋಳಕ್ಕೆ ಅದು ಬಂಗಾರ, ಒಲೆಗೆ ಅಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ಒಲೆಯ ಮೇಲೆ ಮಾತ್ರ ಸುಮ್ಮನಿರುತ್ತದೆಯೇ? ಆದ್ದರಿಂದ ಒಲೆಗೆ ಕೆಮ್ಮಣ್ಣು ಬೇಕು ಅಥವಾ ಹುತ್ತದ ಮಣ್ಣು. ಗೆದ್ದಲು ಆಗಲೇ ಜರಡಿ ಹಿಡಿದಂತೆ ನಯ ಮಾಡಿಟ್ಟ ಮಣ್ಣದು. ಅದಕ್ಕೆ ಸಗಣಿ, ಜೋಳದ ಹೊಟ್ಟು ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು, ಸ್ವಲ್ಪ ಬೂದಿ. ಸಗಣಿಯಲ್ಲಿರುವ ಹುಲ್ಲಿನ ನಾರೇ ಮಣ್ಣನ್ನು ಹಿಡಿದಿಡುವ ಎಳೆ. ಕಲಸಿ ಒಂದು ರಾತ್ರಿ ಮುಚ್ಚಿಡಬೇಕು. ಹೈದರಾಬಾದಿನ ಸುತ್ತ ಇರುವುದು ಗ್ರಾನೈಟು ಸವೆದು ಆದ ಕೆಂಪು ಮರಳು ಮಣ್ಣು, ಇಲ್ಲಿಯವರು ಮೊರಂ ಎನ್ನುತ್ತಾರೆ. ಇನ್ನೂರು ಚಿಲ್ಲರೆ ಕಿಲೋಮೀಟರು ಪಶ್ಚಿಮಕ್ಕೆ ಹೋದರೆ ಕಾಲಡಿಯ ಮಣ್ಣೇ ಬೇರೆ. ಒಲೆಯ ನಕ್ಷೆಯನ್ನು ಅಂಚೆಯಲ್ಲಿ ಕಳಿಸಬಹುದು, ಮಣ್ಣನ್ನು ಕಳಿಸಲಾಗದು. ಮಣ್ಣಿನ ಲೆಕ್ಕ ಗೊತ್ತಿದ್ದದ್ದು ಆಯಾ ಊರಿನ ಕೈಗಳಿಗೆ.

ಆಮೇಲೆ ಬಿರುಕು. ಒಣ ಬಿರುಕಿನ ಮೇಲೆ ಹಸಿಮಣ್ಣು ಮೆತ್ತಿದರೆ ಎರಡು ದಿನದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಹಳೆಯ ಮಣ್ಣು ಹೊಸ ಮಣ್ಣಿನ ನೀರನ್ನೆಲ್ಲ ಹೀರಿಕೊಳ್ಳುವುದೇ ಕಾರಣ. “ಮೊದಲ ಅದಕ್ಕ ನೀರು ಕುಡಿಸವ್ವ. ಹೊಟ್ಟಿ ತುಂಬಿದ ಮ್ಯಾಲ ಮೆತ್ತು,” ಎಂದರು ದೊಡ್ಡವ್ವ. ಬಿರುಕನ್ನು ಚೂಪು ಕಡ್ಡಿಯಿಂದ ಇನ್ನಷ್ಟು ಅಗಲ ಮಾಡಿ, ಸಡಿಲವಾದದ್ದನ್ನು ಉದುರಿಸಿ, ನೀರು ಚಿಮುಕಿಸಿ, ಮಣ್ಣನ್ನು ಒಳಗೆ ಒತ್ತಿ ತುಂಬಬೇಕು. ಮೇಲೆ ತೇಪೆ ಹಾಕುವುದಲ್ಲ. ಒಣಗುವಾಗ ಮತ್ತೆ ಕೂದಲೆಳೆಯಷ್ಟು ಬಿಡುತ್ತದೆ. ಅದಕ್ಕೆ ತೆಳ್ಳಗಿನ ಸಗಣಿ ನೀರು. ಆಮೇಲೆ ಎರಡು ದಿನ ಬರೀ ಸಣ್ಣ ಉರಿ. ಅವಸರ ಮಾಡಿ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಹಬೆಯಾಗಿ ಮಣ್ಣನ್ನು ಒಡೆದುಕೊಂಡು ಹೊರಬರುತ್ತದೆ. ಇನ್ನೊಂದು: ಮನೆಯ ನೆಲಕ್ಕೆಲ್ಲ ಶಹಾಬಾದಿ ಪರಸಿ ಹಾಸಿದವರೂ ಬೆಂಕಿ ಕೂರುವ ಜಾಗಕ್ಕೆ ಆ ಕಲ್ಲನ್ನು ಹಾಕುವುದಿಲ್ಲ. ಅದು ಸುಣ್ಣದ ಕಲ್ಲು, ಕಾದರೆ ಸೀಳುತ್ತದೆ.

ಇಷ್ಟು ಹಳೆಯ ಒಲೆಗೂ ಹೊಸ ಒಲೆಗೂ ಸಮಾನ. ಚಿಮಣಿ ಒಲೆಯ ಕಷ್ಟ ಇಲ್ಲಿಂದ ಮುಂದಿನದು. ನಮ್ಮ ಹಳೆಯ ಒಲೆ, ಮೂರು ಗುಂಡು ಇಟ್ಟದ್ದಿರಲಿ, ಪಕ್ಕಕ್ಕೊಂದು ಕುಣಿ ಇರುವ ಕೋಡೊಲೆಯಿರಲಿ, ಅರ್ಧ ಇಂಚು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಯಿ ಒಡೆದರೆ ದೊಡ್ಡ ಕಟ್ಟಿಗೆ ಹಿಡಿಯುತ್ತದೆ ಎಂದು ಸಂತೋಷವೇ. ಚಿಮಣಿ ಒಲೆಯೊಳಗೆ ಅಳತೆಯೇ ಎಲ್ಲ. ವಾರವಾರ ಸಾರಿಸುತ್ತ ಹೋದರೆ ಕುಣಿಯ ಅಂಚು ದಪ್ಪವಾಗುತ್ತದೆ, ಪಾತ್ರೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಹೊಗೆ. ಸಾರಿಸದೇ ಬಿಟ್ಟರೆ ಅಂಚು ಉದುರುತ್ತದೆ, ಮತ್ತೆ ಸಂದಿ, ಮತ್ತೆ ಹೊಗೆ. ಒಲೆಯ ಬಾಯಿ ಅಗಲವಾದರೆ ಬೇಕಾದ್ದಕ್ಕಿಂತ ಹೆಚ್ಚು ತಣ್ಣನೆ ಗಾಳಿ ನುಗ್ಗಿ ಉರಿಯ ಕಾವು ಇಳಿಯುತ್ತದೆ. ಸುರಂಗದ ತಳದಲ್ಲಿ ಬೂದಿ, ಮೇಲೆ ಮಸಿ. ದಾರಿ ದಿನೇದಿನೇ ಕಿರಿದಾಗುತ್ತದೆ. ಹಸಿ ಕಟ್ಟಿಗೆ ಹಾಕಿದರೆ ಚಿಮಣಿಯೊಳಗೆ ಡಾಂಬರಿನಂಥ ಅಂಟು. ಚಿಮಣಿಯ ಟೋಪಿ ಗಾಳಿಗೆ ಹಾರಿಹೋದರೆ ಮಳೆನೀರು ನೇರ ಒಲೆಯ ಬುಡಕ್ಕೆ, ಮಣ್ಣು ಕರಗುತ್ತದೆ. ಹೆಂಗಸರ ಕೈ ಹೊರಮೈಗೆ ಎಟುಕುತ್ತಿತ್ತು. ಈ ಒಲೆಯ ರೋಗವೆಲ್ಲ ಒಳಮೈಯಲ್ಲಿ.

ದೊಡ್ಡವ್ವ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಉದ್ದನೆಯ ತೊಗರಿಕಟ್ಟಿಗೆಗೆ ಹರಿದ ಗೋಣಿ ಸುತ್ತಿ ಕುಣಿಗಳಿಂದ ಸುರಂಗದೊಳಗೆ ಆಡಿಸುವುದು, ಹದಿನೈದು ದಿನಕ್ಕೊಮ್ಮೆ. ಕುಣಿಯ ಅಂಚಿಗೆ ಮಣ್ಣು ಮೆತ್ತಿ, ಅದು ಹಸಿಯಿರುವಾಗಲೇ ಆ ಕುಣಿಯ ಪಾತ್ರೆಯನ್ನೇ ಇಟ್ಟು ಮೆಲ್ಲಗೆ ತಿರುಗಿಸಿ ತೆಗೆಯುವುದು. ಪಾತ್ರೆಯೇ ತನ್ನ ಜಾಗ ಕೊರೆದುಕೊಳ್ಳುತ್ತದೆ. ಚಿಮಣಿಯ ಕೆಲಸ ಮಾತ್ರ ಅವರ ಕೈಯಲ್ಲಿಲ್ಲ, ಛಾವಣಿ ಹತ್ತಬೇಕು. ಅದನ್ನು ಮನೆಯ ಗಂಡಸರು ಮಾಡಬೇಕು. ಮಾಡುವುದು ಯಾವಾಗ ಎಂದು ಕೇಳಿದರೆ ನಗುತ್ತಾರೆ. ಅಂದಹಾಗೆ ಹಿಂದಿನ ಯೋಜನೆಗಳಲ್ಲಿ ಚಿಮಣಿಗೆ ಹಾಕುತ್ತಿದ್ದದ್ದು ಹೆಚ್ಚಾಗಿ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ. ಹಳೆಯ ಒಲೆ ಮನೆಯಲ್ಲಿರುವವರು ಅದನ್ನು ಗರಗಸದಿಂದ ಕೊಯ್ಯಲು, ಒಡೆಯಲು ಹೋಗಬೇಡಿ. ಅದರ ಧೂಳು ಹೊಗೆಗಿಂತ ಕೆಟ್ಟದ್ದು.

ಇತಿಹಾಸಕ್ಕೆ ಮರಳೋಣ. ಹರ್ಲ್ ಒಲೆಯ ನಂತರ ಎರಡು ದಶಕ ಒಲೆಯ ಸುದ್ದಿ ದೊಡ್ಡದಾಗಿ ಇರಲಿಲ್ಲ. 1973ರಲ್ಲಿ ಪೆಟ್ರೋಲಿನ ಬೆಲೆ ಏರಿತು. ಬಡವರ ಇಂಧನವೂ ಮುಗಿಯುತ್ತಿದೆ, ಕಾಡು ಒಲೆಗೆ ಹೋಗುತ್ತಿದೆ ಎಂಬ ಆತಂಕ ಜಗತ್ತಿಗೆಲ್ಲ ಹಬ್ಬಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಎಂಬ ಬಳಗ ಹುಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರು, ಕನ್ನಡದ ಕಿವಿಗೆ ನೇರ ಮಹಾಭಾರತದಿಂದ ಬಂದದ್ದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ. ಹಳ್ಳಿಯಲ್ಲಿ ಇಂಧನ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆಂದು ಮನೆಮನೆ ಸುತ್ತಿ ಲೆಕ್ಕ ಹಾಕಿದವರು ಅವರು. ಅಲ್ಲಿಂದ ಬಂದದ್ದು ಮೂರು ಕುಣಿಯ ಅಸ್ತ್ರ ಒಲೆ. ಕಟ್ಟಿಗೆ ಉರಿಯುವ ಜಾಗಕ್ಕೆ ಜಾಲರಿ, ಕೆಳಗೆ ಬೂದಿ ಬೀಳಲು ಜಾಗ, ಪಾತ್ರೆಗಳು ಕುಣಿಯೊಳಗೆ ಇಳಿದು ಕೂರುವ ಏರ್ಪಾಡು, ಚಿಮಣಿ. ಸಾಮಾನ್ಯ ಒಲೆಯಲ್ಲಿ ಉರಿಯ ಶಾಖದ ಹತ್ತು ಹದಿನೈದು ಪಾಲಷ್ಟೇ ಪಾತ್ರೆಗೆ ಸೇರುತ್ತಿದ್ದರೆ ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡಾ 40ನ್ನು ದಾಟಿತು. ಕರ್ನಾಟಕದಲ್ಲಿ ಇದು ಊರೂರಿಗೆ ಹೋಯಿತು. ಅಳತೆ ತಪ್ಪಬಾರದೆಂದು ಅಚ್ಚು ಬಳಸಿ ಕಟ್ಟುವ ರೂಢಿ ಬಂತು, ಕಟ್ಟುವವರಿಗೆ ತರಬೇತಿ ಕೊಟ್ಟರು.

ಇಲ್ಲಿ ಒಂದು ಸಣ್ಣ ಬದಲಾವಣೆ ಆದದ್ದನ್ನು ನೋಡಬೇಕು. ಅಲ್ಲಿಯವರೆಗೆ ಕನ್ನಡದಲ್ಲಿ ‘ಒಲೆ ಹೂಡುವವರು’ ಮನೆಯವರು. ಅಣ್ಣತಮ್ಮಂದಿರು ಬೇರೆಯಾದರೆ ‘ಒಲೆ ಎರಡಾಯಿತು’ ಎನ್ನುತ್ತೇವೆ. ಜನಗಣತಿಯವರೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಎಣಿಸುತ್ತಾರೆ. ಒಲೆ ಎಂಬುದು ಮನೆಯ ಇನ್ನೊಂದು ಹೆಸರು. ಈಗ ಒಲೆ ಕಟ್ಟಲು ಹೊರಗಿನಿಂದ ಕಸುಬುದಾರ ಬಂದ. ತಪ್ಪೇನಲ್ಲ, ಅಳತೆಯ ಒಲೆಗೆ ಅಳತೆ ಬಲ್ಲವನು ಬೇಕೇ ಬೇಕು. ಆದರೆ ಅವನು ಕಟ್ಟಿ ಹೋದ. ಸಾರಿಸುವ ಕೈ ಮೊದಲಿನದೇ, ಆ ಕೈಗೆ ಅಚ್ಚನ್ನು ಯಾರೂ ಕೊಡಲಿಲ್ಲ.

1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ರಾಜ್ಯಕ್ಕಿಷ್ಟು, ಜಿಲ್ಲೆಗಿಷ್ಟು ಎಂದು ಗುರಿ ನಿಗದಿಯಾಯಿತು. ಸಬ್ಸಿಡಿ ಬಂತು. ಕಟ್ಟಿದವರಿಗೆ ಒಲೆಯ ಲೆಕ್ಕದಲ್ಲಿ ಹಣ. 2002ರ ಹೊತ್ತಿಗೆ ಕಾರ್ಯಕ್ರಮ ನಿಂತಾಗ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳಾಗಿದ್ದವು, ಕಾಗದದ ಮೇಲೆ. ಕಾಗದ ಸುಳ್ಳೆಂದು ಹೇಳುತ್ತಿಲ್ಲ. ಒಲೆಗಳನ್ನು ಕಟ್ಟಿದ್ದು ನಿಜ. ಆದರೆ ಮಣ್ಣಿನ ಒಲೆಯ ಆಯಸ್ಸು ಎರಡು ಮಳೆಗಾಲ ಎಂದಿಟ್ಟುಕೊಳ್ಳಿ. ಹದಿನೈದು ವರ್ಷದ ಮೊತ್ತವನ್ನು ಕೂಡಿಸಿದರೆ ಬರುವ ಸಂಖ್ಯೆ ಯಾವ ದಿನವೂ ಒಟ್ಟಿಗೆ ಉರಿದ ಒಲೆಗಳ ಸಂಖ್ಯೆಯಲ್ಲ. ಸತ್ತವರನ್ನು ಕಳೆಯದೆ ಹುಟ್ಟಿದವರನ್ನಷ್ಟೇ ಕೂಡಿಸಿದ ಜನಗಣತಿ ಅದು.

ಹೀಗೆ ಕೆಟ್ಟುಹೋಗುವ ಕ್ರಮವನ್ನೇ ವರ್ಷಾನುಗಟ್ಟಲೆ ಕೂತು ಅಳೆದವರೂ ಇದ್ದಾರೆ. ಒಡಿಶಾದಲ್ಲಿ ಗ್ರಾಮ ವಿಕಾಸ್ ಸಂಸ್ಥೆ ಚಿಮಣಿ ಒಲೆಗಳನ್ನು ಕಟ್ಟಿಸುತ್ತಿದ್ದಾಗ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 2,600 ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಯಾರಿಗೆ ಮೊದಲು ಒಲೆ, ಯಾರಿಗೆ ಆಮೇಲೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರಿಂದ ಹೋಲಿಕೆ ಸುಲಭವಾಗಿತ್ತು. ಮೊದಲ ವರ್ಷ ಅಡುಗೆ ಮಾಡುವವರ ಉಸಿರಿಗೆ ಹೋಗುವ ಹೊಗೆ ಇಳಿಯಿತು. ಎರಡನೆಯ ವರ್ಷಕ್ಕೆ ಆ ವ್ಯತ್ಯಾಸ ಅಳಿಸಿಹೋಯಿತು. ಆರೋಗ್ಯದಲ್ಲಿ, ಸೌದೆಯ ಖರ್ಚಿನಲ್ಲಿ ಲಾಭ ಕಾಣಲಿಲ್ಲ. ಒಲೆಗಳನ್ನು ಸರಿಯಾಗಿ ಬಳಸಲಿಲ್ಲ, ನೋಡಿಕೊಳ್ಳಲಿಲ್ಲ, ಬರಬರುತ್ತ ಬಿಟ್ಟೇಬಿಟ್ಟರು ಎಂಬುದು ಅವರು ಕಂಡ ಕಾರಣ. 2012ರಲ್ಲಿ ಈ ಅಧ್ಯಯನ ಹೊರಬಂದಾಗ ಒಲೆ ಹಂಚುವವರ ಲೋಕದಲ್ಲಿ ದೊಡ್ಡ ಗದ್ದಲವಾಯಿತು. ಅದನ್ನು ಓದುವಾಗ ನನ್ನನ್ನು ತಡೆದದ್ದು ‘ನೋಡಿಕೊಳ್ಳಲಿಲ್ಲ’ ಎಂಬ ಕ್ರಿಯಾಪದ. ಅದರ ಕರ್ತೃ ಮನೆಯವರು. ನೋಡಿಕೊಳ್ಳಲು ಅವರಿಗೆ ಇದ್ದದ್ದೇನು? ಅಚ್ಚಿಲ್ಲ, ಬಿಡಿಭಾಗದ ಅಂಗಡಿಯಿಲ್ಲ, ಕರೆದರೆ ಬರುವವರಿಲ್ಲ, ಮತ್ತು ದಿನದಲ್ಲಿ ಇಪ್ಪತ್ತೈದನೆಯ ಗಂಟೆಯಿಲ್ಲ.

ಇಂಥ ಕರಪತ್ರಗಳ ಕನ್ನಡ ನಿಮಗೆ ಗೊತ್ತಿದೆ. ‘ಕಾಲಕಾಲಕ್ಕೆ ಚಿಮಣಿಯನ್ನು ಸ್ವಚ್ಛಗೊಳಿಸತಕ್ಕದ್ದು. ಬಿರುಕುಗಳನ್ನು ಕೂಡಲೇ ಮುಚ್ಚತಕ್ಕದ್ದು.’ ಈ ‘ತಕ್ಕದ್ದು’ ಎಂಬ ಪ್ರತ್ಯಯ ಅದ್ಭುತವಾದದ್ದು. ಕೆಲಸ ಉಳಿಯುತ್ತದೆ, ಮಾಡುವವರು ಮಾಯ. ಎಂ.ಎ. ಓದುವಾಗ ಕರ್ತೃಲೋಪ ಎಂದು ಪರೀಕ್ಷೆಗೆ ಬರೆದಿದ್ದೆ. ಒಲೆಯ ವಿಷಯದಲ್ಲಿ ಅದಕ್ಕೆ ಇಷ್ಟು ನಿಖರವಾದ ಉದಾಹರಣೆ ಸಿಕ್ಕೀತೆಂದು ಅಂದುಕೊಂಡಿರಲಿಲ್ಲ. ಕಡೆಗೆ ನನ್ನ ಅನುವಾದದಲ್ಲಿ ‘ತಕ್ಕದ್ದು’ಗಳನ್ನೆಲ್ಲ ತೆಗೆದು ‘ಹದಿನೈದು ದಿನಕ್ಕೊಮ್ಮೆ ಸುರಂಗದ ಮಸಿ ತೆಗೆಯಿರಿ, ಚಿಮಣಿಗೆ ಮನೆಯ ಗಂಡಸರು ಹತ್ತಿ’ ಎಂದು ಬರೆದೆ. ಮೊದಲರ್ಧ ಉಳಿಯಿತು, ಎರಡನೆಯದು ಅಚ್ಚಾದಾಗ ಇರಲಿಲ್ಲ.

ಹಳೆಯ ಒಲೆಯ ಪರ ವಕಾಲತ್ತು ವಹಿಸುವ ಆಸೆ ನನಗಿಲ್ಲ. 1980ರ ದಶಕದ ಮೊದಲಿಗೆ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಕರ್ಕ್ ಸ್ಮಿತ್ ಮತ್ತು ಜೊತೆಗಾರರು ಅಡುಗೆ ಮಾಡುವ ಹೆಂಗಸರ ಮೈಗೇ ಅಳೆಯುವ ಯಂತ್ರ ಕಟ್ಟಿ ಹೊಗೆ ಅಳೆದಾಗ ಪ್ರತಿ ಘನಮೀಟರ್ ಗಾಳಿಯಲ್ಲಿ ಸರಾಸರಿ ಏಳು ಮಿಲಿಗ್ರಾಂ ಆಸುಪಾಸು ಕಣಗಳು ಸಿಕ್ಕವು. ಯಾವ ನಗರದ ಬೀದಿಯೂ ಅದರ ಹತ್ತಿರಕ್ಕೆ ಬರಲಾರದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೊಡ್ಡವ್ವನ ಕೆಮ್ಮು ನನಗೆ ಅಂಕಿಯಲ್ಲ, ರಾತ್ರಿ ಪಕ್ಕದ ಕೋಣೆಯಿಂದ ಕೇಳುವ ಸದ್ದು. ಊದುಗೊಳವೆ ಹಿಡಿದು ಕೂತವರ ಬಗ್ಗೆ ಬಣ್ಣದ ಚಿತ್ರ ಬರೆಯುವವರು ಒಂದು ಮಳೆಗಾಲದ ಬೆಳಿಗ್ಗೆ ಹಸಿ ಕುಳ್ಳಿನ ಮುಂದೆ ಕೂರಬೇಕು. ರಾಜು ಅವರ ಐದು ಬಿಡುಗಡೆಗಳೂ ನ್ಯಾಯವಾದವೇ. ಅವರ ಪಟ್ಟಿಯಲ್ಲಿ ಆರನೆಯದು ಸೇರಬೇಕಿತ್ತು, ದುರಸ್ತಿಯಿಂದ.

ಇನ್ನೊಂದು ಕಾರಣವನ್ನೂ ಹೇಳಬೇಕು, ಅದು ರೊಟ್ಟಿಯದ್ದು. ಜೋಳದ ರೊಟ್ಟಿಗೆ ಹಂಚಿನ ಅಡಿ ಪೂರ್ತಿ ಹರಡುವ ಉರಿ ಬೇಕು. ಒಂದು ಮಗ್ಗುಲು ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ಉಬ್ಬಿಸಬೇಕು. ಪಾತ್ರೆ ಒಳಗಿಳಿದು ಕೂರುವ, ಬಾಯಿ ಕಿರಿದಾದ ಒಲೆಯಲ್ಲಿ ಅನ್ನ ಬೇಯುತ್ತದೆ, ಬೇಳೆ ಬೇಯುತ್ತದೆ, ರೊಟ್ಟಿಗೆ ಜಾಗವಿಲ್ಲ. ಆದ್ದರಿಂದ ನಮ್ಮ ಕಡೆ ಹೆಂಗಸರು ಮಾಡಿದ ಮೊದಲ ‘ರಿಪೇರಿ’ ಬಾಯಿಯನ್ನು ಒಡೆದು ಅಗಲ ಮಾಡಿದ್ದು. ಪರಿಶೀಲನೆಗೆ ಬಂದವರು ಇದನ್ನು ಕೆಡಿಸಿದ್ದು ಎಂದು ಬರೆದುಕೊಂಡಿರಬಹುದು.

ನಾನಿರುವ ಹೈದರಾಬಾದಿನಲ್ಲಿ ಕಟ್ಟಿಗೆಯ ಒಲೆ ಇವತ್ತಿಗೂ ಬೀದಿಯಲ್ಲಿ ಕಾಣುವ ತಿಂಗಳೊಂದಿದೆ. ರಂಜಾನ್ ಹತ್ತಿರ ಬಂದಂತೆ ಹೋಟೆಲುಗಳ ಮುಂದೆ ಇಟ್ಟಿಗೆ, ಮಣ್ಣು ಬಂದು ಬೀಳುತ್ತವೆ. ಎರಡು ಮೂರು ದಿನದಲ್ಲಿ ಹಲೀಮಿನ ಭಟ್ಟಿ ಎದ್ದು ನಿಲ್ಲುತ್ತದೆ. ದೊಡ್ಡ ದೇಗು ಅದರೊಳಗೆ ಕುತ್ತಿಗೆಯವರೆಗೆ ಇಳಿದು ಕೂತಿರುತ್ತದೆ, ಸುತ್ತ ಮಣ್ಣಿನ ಮೆತ್ತು, ಕೆಳಗೆ ಗಂಟೆಗಟ್ಟಲೆ ಕಟ್ಟಿಗೆಯ ಉರಿ, ಮೇಲೆ ಮರದ ಘೋಟ್ನಾ ಹಿಡಿದು ಇಬ್ಬರು ಕುಟ್ಟುತ್ತಾರೆ. ಬಿರುಕು ಬಿಟ್ಟರೆ ಮೆತ್ತಲು ಪಕ್ಕದಲ್ಲೇ ಬಕೆಟ್ಟಿನಲ್ಲಿ ಕಲಸಿದ ಮಣ್ಣು. ಹಬ್ಬ ಮುಗಿದ ಮೇಲೆ ಒಡೆದು ಹಾಕುತ್ತಾರೆ, ಬರುವ ವರ್ಷ ಹೊಸದು. ಮಣ್ಣಿನ ಒಲೆಯ ಗುಣ ಇವರಿಗೆ ಚೆನ್ನಾಗಿ ಗೊತ್ತು. ಅದನ್ನು ಕಟ್ಟುವವನಿಗೆ ಕೂಲಿ ಇದೆ, ಮೆತ್ತುವವನಿಗೂ ಕೂಲಿ ಇದೆ, ಇಬ್ಬರೂ ಗಂಡಸರು. ಮಾರುವ ಅಡುಗೆಯ ಒಲೆಗೆ ಮಿಸ್ತ್ರಿ ಸಿಗುತ್ತಾನೆ. ಊರ ಹೊರಗಿನ ಹೆದ್ದಾರಿಗಳಲ್ಲಿ ‘ಕಟ್ಟೆಲ ಪೊಯ್ಯಿ’ ಎಂದು ಬೋರ್ಡು ಹಾಕಿ ಹೆಚ್ಚಿನ ದುಡ್ಡಿಗೆ ಬಿರಿಯಾನಿ ಮಾರುವ ಹೋಟೆಲುಗಳೂ ಈಗ ಬಂದಿವೆ. ಸೌದೆ ಒಲೆ ಎಂಬ ಪದಕ್ಕೆ ಈ ಊರಿನಲ್ಲಿ ಬಂದ ಭಾಗ್ಯ ನೋಡಿ.

ಮನೆಯ ಒಲೆಗೆ ಕೊನೆಗೆ ಬಂದದ್ದು ಗ್ಯಾಸು. 1999ರಲ್ಲಿ ಅವಿಭಜಿತ ಆಂಧ್ರಪ್ರದೇಶ ‘ದೀಪಂ’ ಯೋಜನೆಯಲ್ಲಿ ಬಡ ಮನೆಯ ಹೆಂಗಸರ ಹೆಸರಿಗೆ ಸಿಲಿಂಡರಿನ ಸಂಪರ್ಕ ಕೊಡಲು ಶುರು ಮಾಡಿತು. 2016ರ ಮೇ 1ರಂದು ಉತ್ತರಪ್ರದೇಶದ ಬಲಿಯಾದಲ್ಲಿ ‘ಉಜ್ವಲಾ’ ಬಂತು. ಸಿಲಿಂಡರಿನ ಬೆಲೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮುಂದುವರಿಸುವುದಿಲ್ಲ. ಹೇಳಬೇಕಾದ್ದು ಒಂದೇ. ನಮ್ಮ ಕಾಚಿಗುಡದ ಗಲ್ಲಿಯಲ್ಲಿ ವಾರಕ್ಕೆರಡು ಸಲ ಒಬ್ಬ ಸೈಕಲ್ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬರುತ್ತಾನೆ: ಗ್ಯಾಸ್ ಸ್ಟೌ ರಿಪೇರಿ, ಕುಕ್ಕರ್ ರಿಪೇರಿ, ಮಿಕ್ಸಿ ರಿಪೇರಿ. ಬರ್ನರು, ನಾಬು, ರಬ್ಬರು ಕೊಳವೆ, ವಾಷರು ಎಲ್ಲವೂ ಅವನ ಡಬ್ಬಿಯಲ್ಲಿವೆ. ಯಾವ ಕಂಪನಿಯದ್ದಾದರೂ ಹೆಚ್ಚುಕಡಿಮೆ ಒಂದೇ ಅಳತೆ. ಗ್ಯಾಸಿನ ಒಲೆ ಗೆದ್ದದ್ದರಲ್ಲಿ ಅವನ ಪಾಲೂ ಇದೆ. ಮಣ್ಣಿನ ಚಿಮಣಿ ಒಲೆಗೆ ಎಪ್ಪತ್ತು ವರ್ಷದಲ್ಲಿ ಇಂಥವನೊಬ್ಬ ಹುಟ್ಟಲಿಲ್ಲ. ಹುಟ್ಟುವಂತೆ ಯಾವ ಯೋಜನೆಯೂ ದುಡ್ಡಿಡಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇಕಡಾ 58.6ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತವೆ. ಸಮೀಕ್ಷೆ ಮುಖ್ಯವಾಗಿ ಯಾವುದನ್ನು ಬಳಸುತ್ತೀರಿ ಎಂದು ಕೇಳುತ್ತದೆ. ದೊಡ್ಡವ್ವ ಗ್ಯಾಸು ಎನ್ನುತ್ತಾರೆ, ಅದು ನಿಜ. ಚಹಾ, ಸಾರು, ಅನ್ನ ಅದರ ಮೇಲೆಯೇ. ರೊಟ್ಟಿ ಮತ್ತು ಸ್ನಾನದ ನೀರು ಮಾತ್ರ ಹಳೆಯ ಒಲೆಯ ಮೇಲೆ, ತೊಗರಿಕಟ್ಟಿಗೆ ಹೊಲದಿಂದ ಪುಕ್ಕಟೆ ಬರುವ ತನಕ. ಹಾಗಾಗಿ ಒಲೆ ಇದೆ, ದಿನಕ್ಕೆ ಎರಡು ತಾಸು ಉರಿಯುತ್ತದೆ, ಮತ್ತು ದಿನಕ್ಕೆರಡು ತಾಸು ಉರಿಯುವ ಒಲೆಗೂ ಪೂರ್ತಿ ಒಲೆಯಷ್ಟೇ ಮಣ್ಣು ಬೇಕು. ಎರಡನೆಯ ಕುಣಿಯ ಅಂಚು ಈ ಮಳೆಗಾಲದಲ್ಲಿ ಕಿತ್ತುಬಂದಿದೆ. ಚಿಮಣಿಯ ಟೋಪಿ ಹೋಗಿ ಬಹಳ ಕಾಲವಾಯಿತು, ಅದರ ಮೇಲೆ ಹಳೆಯ ಎಣ್ಣೆ ಡಬ್ಬಿಯೊಂದನ್ನು ಅಡ್ಡಡ್ಡ ಕಟ್ಟಿದ್ದಾರೆ. ಮೊಣಕಾಲು ನೋವಿನಿಂದ ದೊಡ್ಡವ್ವನಿಗೆ ಕೆಳಗೆ ಕೂತು ಮೆತ್ತಲು ಆಗುವುದಿಲ್ಲ. ಸೊಸೆ ಅಂಗನವಾಡಿ ಕೆಲಸ ಮುಗಿಸಿ ಬರುವಾಗ ಸಂಜೆ. ದಸರೆಗೆ ಮುಂಚೆ ಮಾಡಿಬಿಡಬೇಕೆಂದು ಹುತ್ತದ ಮಣ್ಣು ತರಿಸಿ ಗೋಣಿಯಲ್ಲಿ ಕಟ್ಟಿ ಹಿತ್ತಲಲ್ಲಿಟ್ಟಿದ್ದಾರೆ. ಮೆತ್ತುವವರು ಯಾರೆಂದು ಇನ್ನೂ ಮಾತಾಗಿಲ್ಲ.